ಸೋಮವಾರದ ಎಣ್ಣೆ

ನನ್ನ ಅಂಗಳದ ರಂಗೋಲಿಗೂ ಅವನ ಲಾರಿಗೂ ಹುಟ್ಟಾ ಹಗೆತನ. ಕೆಲಗೇರಿಯಲ್ಲಿ ನಮ್ಮ ಎರಡು ಮನೆಗಳ ನಡುವೆ ಎದೆಮಟ್ಟದ ಒಂದು ಗೋಡೆ. ಅವನ ಅಂಗಳ ಎತ್ತರ, ನನ್ನದು ತಗ್ಗು. ಅವನು ಲಾರಿ ತೊಳೆದರೆ ರಾಡಿ ನನಗೆ, ಎಣ್ಣೆ ಚೆಲ್ಲಿದರೆ ಜಿಡ್ಡು ನನಗೆ. ನಾನು ಪ್ರಾಥಮಿಕ ಶಾಲೆಯ ಅಕ್ಕೋರು. ಒಂದನೆಯ ಇಯತ್ತೆಯ ಮಕ್ಕಳ ಮುಂದೆ ಕೂಗಿ ಕೂಗಿ ಪಳಗಿದ ಗಂಟಲು. ಗೋಡೆಯ ಮೇಲೆ ತಲೆ ಹಾಕಿ ಒಮ್ಮೆ ಬಾಯಿ ಮಾಡಿದರೆ ಓಣಿಯ ಕೊನೆಯ ಮನೆಯವರು ಹೊರಗೆ ಬಂದು ನೋಡುತ್ತಿದ್ದರು. ಅವನಿಗೆ ಮಾತ್ರ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ.

"ಎಣ್ಣಿ ಅಂದ್ರ ಲಕ್ಷ್ಮೀರಿ ಅಕ್ಕಾರ. ತಾನಾಗೇ ಹರದು ನಿಮ್ಮ ಮನಿಗೆ ಬರಾಕತ್ತಾಳ, ಬ್ಯಾಡ ಅನಬಾರದು" ಎನ್ನುತ್ತಿದ್ದ.

ಹೋದ ತಿಂಗಳು ಅವನು ತೀರಿಕೊಂಡ. ಗರಗದ ಹೊಲದಲ್ಲಿ, ಅಪ್ಪನ ಮಗ್ಗುಲಲ್ಲಿ ಮಣ್ಣು ಮಾಡಿ ಬಂದರು. ಅವನ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಅವನ ಹೆಂಡತಿ ಗೋಡೆಯ ಆಚೆಗೇ ಇದ್ದಾಳೆ. ಅವಳಿಗೆ ಓದಲು ಬಾರದು. ಆದರೆ ಓದಿ ಹೇಳುವ ಬಾಯಿಗಳಿಗೆ ನಮ್ಮ ಓಣಿಯಲ್ಲಿ ಬರಗಾಲವಿಲ್ಲ.

ಅಗಲ ಹೆಗಲಿನ ಆಳು. ಹುರಿ ಮೀಸೆ. ಸೊಂಟದ ಮೇಲೆ ನೋಡಿದರೆ ಪೈಲವಾನ, ಕೆಳಗೆ ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು. ಎಡ ಮೊಣಕಾಲು ಮಡಚುತ್ತಿರಲಿಲ್ಲ. ಆ ಕಾಲನ್ನು ಒನಕೆಯಂತೆ ಎಳೆದುಕೊಂಡು ನಡೆಯುತ್ತಿದ್ದ. ಕೂತರೆ ಅದೊಂದು ನೆಟ್ಟಗೆ ಮುಂದೆ ಚಾಚಿಕೊಂಡಿರುತ್ತಿತ್ತು, ದಾಟಿ ಹೋಗುವವರು ಎಡವುತ್ತಿದ್ದರು. "ತುಳೀರಿ, ತುಳೀರಿ, ಅದಕ್ಕೇನ ಗೊತ್ತಾಗತೈತಿ" ಎಂದು ತಾನೇ ನಗುತ್ತಿದ್ದ.

ಆ ಕಾಲಿನ ಕತೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವನದು ಗರಗದ ಒಕ್ಕಲು ಮನೆತನ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಭೂಮಿಗೆ ಎಂಥ ಹದ ಬಂದಿರಲಿ, ಅಂದು ಎತ್ತಿನ ಹೆಗಲ ಮೇಲೆ ನೊಗ ಬೀಳಬಾರದು. ಮೈ ತೊಳೆದು, ಕೋಡಿಗೆ ಎಣ್ಣೆ ಸವರಿ, ಹೊಟ್ಟೆ ತುಂಬ ಮೇವು ಹಾಕಿ ಬಿಡಬೇಕು. ಅವನು ಬೆಳೆದದ್ದು ಹಾಗೆ. ಆದರೆ ದೊಡ್ಡವನಾದ ಮೇಲೆ ಎತ್ತು ಬಿಟ್ಟು ಲಾರಿ ಹಿಡಿದ. ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬರಲ್ಲಿ ಡ್ರೈವರ್ ಆದ. ಲಾರಿಗೆ ಯಾವ ಸೋಮವಾರ, ಯಾವ ಮಂಗಳವಾರ? ತೊಂಬತ್ತರ ದಶಕದಲ್ಲಿ ಒಂದು ಸೋಮವಾರ ಹತ್ತಿಯ ಅಂಡಿಗೆ ಹೇರಿಕೊಂಡು ಹೊರಟ ಲಾರಿ ಗಬ್ಬೂರಿನ ಹತ್ತಿರ ಮಗ್ಗುಲಾಯಿತು. ಎಡಗಾಲು ಅಡಿಗೆ ಸಿಕ್ಕಿತು.

ಅವನ ಹೆಂಡತಿ ಆಗಿನ್ನೂ ಎಳೆಯ ಹುಡುಗಿ. ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ಬಸವಣ್ಣನಿಗೆ ಹರಕೆ ಹೊತ್ತಳು. ಗಂಡನ ಜೀವ ಉಳಿದರೆ, ಇನ್ನು ಮುಂದೆ ಸೋಮವಾರ ತಮ್ಮ ಮನೆಯಲ್ಲಿ ಎತ್ತಿನ ಹೆಗಲಿಗೆ ನೊಗವಿಲ್ಲ, ಗಾಡಿಯ ಇಂಜಿನ್ನಿಗೆ ಉಸಿರಿಲ್ಲ, ಎಂದು. ಆಗ ಅವರ ಮನೆಯಲ್ಲಿ ಎತ್ತೂ ಇರಲಿಲ್ಲ, ಗಾಡಿಯೂ ಇರಲಿಲ್ಲ. ಇಲ್ಲದ ಎತ್ತಿಗೆ ಎಂಥ ಹರಕೆಯೇ ಹುಡುಗಿ ಎಂದು ನಾನು ನಕ್ಕಿದ್ದೆ. ಜೀವ ಉಳಿಯಿತು. ಮೊಣಕಾಲು ಕಟ್ಟಿಗೆಯಾಯಿತು.

ಲಾರಿಯಲ್ಲಿ ಕ್ಲಚ್ಚು ಒತ್ತುವುದು ಎಡಗಾಲಿನಿಂದ. ಅದು ಹೋಯಿತೆಂದರೆ ಡ್ರೈವರ್ ಹೋದ. ಆ ವ್ಯಾಪಾರಿ ಮತ್ತೆ ಕರೆಯಲಿಲ್ಲ, ಬೇರೆ ಯಾರೂ ಸ್ಟೇರಿಂಗ್ ಕೊಡಲಿಲ್ಲ. ಪಾನ್ ಅಂಗಡಿ ಇಟ್ಟ, ಮುಚ್ಚಿದ. ಹಿಟ್ಟಿನ ಗಿರಣಿಯಲ್ಲಿ ಕೂತ, ಬಿಟ್ಟ. ಕಡೆಗೆ ಗೋವಾ ರಸ್ತೆಯ ಬದಿಗೆ, ಕೆರೆಯ ಹತ್ತಿರದ ಕಟ್ಟೆಯೇ ಅವನ ಜಾಗವಾಯಿತು. ಅಲ್ಲಿ ಸ್ವಲ್ಪ ಏರು ಇದೆ. ಹೇರಿಕೊಂಡ ಲಾರಿಗಳು ಏದುಸಿರು ಬಿಡುತ್ತ ಏರುತ್ತಿದ್ದವು. ಶಾಲೆ ಬಿಟ್ಟು ಬರುವಾಗ ನಾನು ನೋಡುತ್ತಿದ್ದೆ. ಲಾರಿಯ ಸದ್ದು ಬದಲಾದ ಹಾಗೆ ಇವನ ಎಡಗೈ ಗಾಳಿಯಲ್ಲಿ ಗೇರು ಬದಲಿಸುತ್ತಿತ್ತು, ಮಡಚದ ಆ ಕಾಲು ನೆಲಕ್ಕೆ ಒತ್ತಲು ಹವಣಿಸುತ್ತಿತ್ತು.

"ಇಳಸೋ ಮಗನ, ಸೆಕೆಂಡಿಗೆ ಇಳಸೋ. ಗಾಡಿ ಅಳಾಕತ್ತೈತಿ, ಕೇಳಸಂಗಿಲ್ಲೇನು ನಿನಗ?" ಎಂದು ತನ್ನಷ್ಟಕ್ಕೆ ಬೈಯುತ್ತಿದ್ದ.

"ಏನೋ ತಮ್ಮಾ, ಯಾರ ಜೋಡಿ ಮಾತು?" ಎಂದರೆ, "ಯಾರ ಜೋಡೀನೂ ಇಲ್ರಿ. ಹೊತ್ತ ಹೋಗವಲ್ದು" ಎನ್ನುತ್ತಿದ್ದ. ಮನೆಗೆ ಬಂದು ಯಾರಾದರೂ ಒಬ್ಬರನ್ನು ಬೈಯುತ್ತಿದ್ದೆ.

ಎರಡು ಸಾವಿರದ ಆಚೀಚೆ ದೊಡ್ಡ ರಸ್ತೆಯ ಕೆಲಸ ಮುಗಿಯಿತು. ಹೊರಗಿನಿಂದ ಬಂದ ಗುತ್ತಿಗೆದಾರರು ತಮ್ಮ ಯಂತ್ರಗಳನ್ನೆಲ್ಲ ಹರಾಜಿಗಿಟ್ಟರು. ಅದರಲ್ಲೊಂದು ಹಳೆಯ ಪರದೇಶಿ ಟಿಪ್ಪರ್ ಇತ್ತು. ಇಲ್ಲಿಯವರಾರೂ ಅದರ ಹತ್ತಿರ ಸುಳಿಯಲಿಲ್ಲ. ಯಾಕೆಂದರೆ ಅದಕ್ಕೆ ಕ್ಲಚ್ಚೇ ಇರಲಿಲ್ಲ, ಗೇರು ತಾನಾಗಿ ಬೀಳುತ್ತಿತ್ತು. ಇದೇನು ಗಾಡಿಯೋ ಗಾಳಿಪಟವೋ ಎಂದು ನಗೆಯಾಡಿದರು. ಇವನು ಸುದ್ದಿ ಕೇಳಿದವನೇ ಓಡಿದ. ಓಡಿದ ಎಂದೇ ಬರೆಯುತ್ತೇನೆ, ಆ ಕಾಲಿನಲ್ಲಿ ಅವನು ಓಡಿದ್ದನ್ನು ನಾನು ನೋಡಿದ್ದು ಅದೊಂದು ದಿನ. ಹೆಂಡತಿಯ ತವರಿನವರು ಕೈಹಿಡಿದರು, ಲಾರಿ ಅಂಗಳಕ್ಕೆ ಬಂತು.

"ಬಲಗಾಲ ಒಂದ ಸಾಕ್ರಿ ಅಕ್ಕಾರ! ಈ ದೇವರು ಅನ್ನಾವ ಎಲ್ಲೆರೆ ಕುಂತಾನಂದ್ರ, ಈ ಗೇರ್‌ಬಾಕ್ಸಿನಾಗ ಕುಂತಾನ ನೋಡ್ರಿ" ಎಂದ. ಗೋಡೆಯ ಮೇಲೆ ಎರಡೂ ಕೈ ಇಟ್ಟು ಅಳುತ್ತ ನಗುತ್ತಿದ್ದ.

ಮೊದಲ ಸರ್ವಿಸಿಗೆ ಕಂಪನಿಯ ವರ್ಕ್‌ಶಾಪಿಗೆ ಒಯ್ಯಬೇಕೆಂದು ಯಾರೋ ಹೇಳಿದರು. ಅಂಥ ಗಾಡಿಗಳನ್ನೂ ನೋಡುವ ವರ್ಕ್‌ಶಾಪ್ ಗಬ್ಬೂರ ಬೈಪಾಸಿನ ಹತ್ತಿರ ಒಂದಿತ್ತು. ಒಂದು ಶನಿವಾರ ಗಂಡಹೆಂಡತಿ ಇಬ್ಬರೂ ಹೊರಟರು. ನನಗೂ ಹುಬ್ಬಳ್ಳಿಯಲ್ಲಿ ಕೆಲಸವಿತ್ತು, ಅವರ ಜೊತೆ ಹತ್ತಿ ಕೂತೆ. ಅಲ್ಲಿ ಗಾಜಿನ ಕೋಣೆ, ಮೆತ್ತನ್ನ ಕುರ್ಚಿ, ಟೀವಿ. ಗಿರಾಕಿಗಳು ಅಲ್ಲೇ ಕೂರಬೇಕು, ಗಾಡಿ ರಿಪೇರಿಯಾಗುವ ಕಡೆ ಕಾಲಿಡುವ ಹಾಗಿಲ್ಲ. ಮೇಜಿನ ಹಿಂದಿದ್ದ ಫೋರ್‌ಮನ್, ಕನ್ನಡಕ ಹಾಕಿದ ಸಣ್ಣ ವಯಸ್ಸಿನವನು, "ಗಾಡಿ ಬಿಟ್ಟು ಹೋಗ್ರಿ ಕಾಕಾ. ನಾಳೆ ಸೂಟಿ. ಸೋಮಾರ ಕೈ ಹಚ್ಚತೀವಿ, ಮಂಗಳವಾರ ಬಂದು ಒಯ್ರಿ" ಎಂದ.

ಇವನು ಏನಾದರೂ ಅನ್ನುವ ಮೊದಲೇ ಹೆಂಡತಿ ಮುಂದೆ ಬಂದಳು. "ಸೋಮಾರ ಕೈ ಹಚ್ರಿ. ಆದ್ರ ಚಾಲೂ ಮಾಡಬ್ಯಾಡ್ರಿ ಮತ್ತ."

"ಚಾಲೂ ಮಾಡಲಾರದ ಹೆಂಗ್ರಿ ಅಕ್ಕಾ ನೋಡೋದು?" ಎಂದು ಅವನು ನಕ್ಕ.

ಕೆಟ್ಟ ನಗುವಲ್ಲ ಅದು, ಪಾಪ. ಆದರೆ ಅವಳ ಮುಖ ಕೆಂಪಾಯಿತು. ಗಂಡನ ತೋಳು ಹಿಡಿದು ಎಬ್ಬಿಸಿದಳು. "ನಡೀರಿ. ನಮ್ಮ ಎತ್ತು ಮಂದಿ ದನದ ಹಕ್ಯಾಗ ಕಟ್ಟೂದು ಬ್ಯಾಡ. ನಮ್ಮ ಮನಿ ಮುಂದ ಮಾಡೂಣು, ನಾ ಕೈ ಹಚ್ಚತೀನಿ." ಇದನ್ನು ನಾನು ಕಿವಿಯಾರೆ ಕೇಳಿದೆ. ಮನೆಯಲ್ಲೇ ಮಾಡೋಣ ಎಂದವಳು ಅವಳು. ಇದು ನೆನಪಿರಲಿ.

ಅಂದಿನಿಂದ ಸೋಮವಾರವೆಂದರೆ ಅವರ ಅಂಗಳದಲ್ಲಿ ಹಬ್ಬ. ಉಳಿದ ದಿನಗಳಲ್ಲಿ ಅವನು ಕತ್ತಲಿರುವಾಗ ಖಡಿಕಲ್ಲು ಹೇರಲು ಹೋದರೆ ಕತ್ತಲಾದ ಮೇಲೆ ಬರುತ್ತಿದ್ದ. ಸೋಮವಾರ ಮಾತ್ರ ಲಾರಿ ಅಂಗಳದಲ್ಲಿ, ಇಂಜಿನ್ ಬಂದ್. ಮೈ ತೊಳೆಯುವುದು, ಗಾಲಿ ತಟ್ಟಿ ನೋಡುವುದು, ಮುಂಭಾಗಕ್ಕೆ ವಿಭೂತಿ ಹಚ್ಚುವುದು, ಕಡೆಗೆ ಎಣ್ಣೆ ನೋಡುವುದು. ಅವನಿಗೆ ಬಂಪರ್ ಹತ್ತಲು ಆಗುತ್ತಿರಲಿಲ್ಲ. ಹೆಂಡತಿಯೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿ, ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಉದ್ದನ್ನ ಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಬಿಟ್ಟು ಎಳೆದು ತೋರಿಸುತ್ತಿದ್ದಳು. "ಸೋಮವಾರ ಸೂಟಿ ಮಾಡುವವನಿಗೇ ಸೋಮಾರಿ ಅನ್ನೋದೋ ತಮ್ಮಾ" ಎಂದು ನಾನು ಗೋಡೆಯ ಈಚೆಯಿಂದ ಛೇಡಿಸುತ್ತಿದ್ದೆ.

ಮೊದಲ ಸೋಮವಾರ ಕಡ್ಡಿಯಲ್ಲಿ ಎಣ್ಣೆ ಗೆರೆಯ ಮೇಲೆ ಬಹಳ ಏರಿತ್ತು. "ಹೆಚ್ಚಾಗೇತ್ರೀ" ಎಂದಳು ಅವಳು. "ಹೆಚ್ಚಾದ್ರ ಹೊಟ್ಟಿ ಉಬ್ಬರಸತೈತಿ, ತಗೀಬೇಕು" ಎಂದು ಅವನು ನೆಲದ ಮೇಲೆ ಅಂಗಾತ ಮಲಗಿ ತೆವಳಿಕೊಂಡು ಅಡಿಗೆ ಹೋದ. ತಳದ ಬಿರಡೆ ಸಡಿಲಿಸಿ, ಗೆರೆಗೆ ಸರಿಯಾಗುವ ತನಕ ಎಣ್ಣೆ ಇಳಿಸಿದ. ಕೆಂಪು ಎಣ್ಣೆ, ಕುಂಕುಮದ ನೀರಿನ ಹಾಗೆ. ಬಕೆಟ್ಟು ತಪ್ಪಿ ಒಂದಿಷ್ಟು ನನ್ನ ರಂಗೋಲಿಗೆ ಹರಿಯಿತು. ನಾನು ಅಂದು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಸಂಜೆಗೆ ಅದೇ ಎಣ್ಣೆಯ ಡಬ್ಬಿ ಹಿಡಿದುಕೊಂಡು ಬಂದು ನನ್ನ ಗೇಟಿನ ಹಳೆಯ ಕೀಲುಗಳಿಗೆ ಬಿಟ್ಟ. ವರ್ಷಗಳಿಂದ ಕಿರುಗುಟ್ಟುತ್ತಿದ್ದ ಗೇಟು ಬಾಯಿ ಮುಚ್ಚಿತು.

"ಇನ್ನ ಬೈಬ್ಯಾಡ್ರಿ. ನಿಮ್ಮ ಗೇಟಿಗೂ ಒಂದ ಸರ್ವಿಸ್ ಆತು" ಎಂದ.

ಆ ದಿನಗಳಲ್ಲಿ ಅವನು ಸುಖಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಅದು ಬಹಳ ದಿನ ನಡೆಯಲಿಲ್ಲ. ಕಟ್ಟೆಯ ಮೇಲೆ ಕೂತು ಗಾಳಿಯಲ್ಲಿ ಗೇರು ಹಾಕುತ್ತಿದ್ದವನು ಈಗ ಅದೇ ಏರಿನಲ್ಲಿ ಹಾರ್ನು ಹೊಡೆಯುತ್ತ ಹೋಗುತ್ತಿದ್ದ. ಶಾಲೆಯ ಮಕ್ಕಳು "ಕಾಲಿಲ್ಲದ ಗಾಡಿ ಬಂತು" ಎಂದು ಕೂಗಿದರೆ ಕೈ ಬೀಸುತ್ತಿದ್ದ. ಮಳೆಗಾಲ ಕಳೆಯಿತು. ಚಳಿಗಾಲದ ಹೊತ್ತಿಗೆ ಲಾರಿ ಬಂದು ನಿಂತಾಗ ಸುಟ್ಟ ವಾಸನೆ ಬರತೊಡಗಿತು. ನನ್ನ ಮೂಗು ಬಲು ಚುರುಕು. ಹೇಳಿದೆ.

"ಏನರೆ ಸುಡಾಕತ್ತೈತೋ ತಮ್ಮಾ ನಿನ್ನ ಗಾಡ್ಯಾಗ."

"ನಿಮ್ಮ ಒಲಿ ಮ್ಯಾಲಿನ ಪಲ್ಯಾ ಹೊತ್ತಿರಬೇಕು ನೋಡ್ರಿ ಅಕ್ಕಾರ."

ಆದರೂ ಮುಂದಿನ ಸೋಮವಾರ ಎರಡೆರಡು ಸಲ ಕಡ್ಡಿ ಎಳೆಸಿದ. ಹೆಂಡತಿ ಅದನ್ನು ಗೋಡೆಯ ಮೇಲಿಂದ ನನ್ನ ಮೂಗಿನ ತನಕ ಹಿಡಿದಳು. "ನೀವ ನೋಡ್ರಿ, ಗೆರಿಗೆ ಸರೀ ಐತಿ. ತುಂಬೈತಿ." ಹೌದು, ಗೆರೆಗೆ ಸರಿಯಾಗಿತ್ತು. ನಾನೂ ನೋಡಿದೆ.

ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಶಾಲೆಯಿಂದ ಬರುತ್ತಿದ್ದೆ. ಕೆರೆಯ ಹತ್ತಿರದ ಏರಿನಲ್ಲಿ ಅವನ ಲಾರಿ ನಿಂತಿತ್ತು. ತುಂಬ ಖಡಿ. ಇಂಜಿನ್ ಕಿವಿ ಹರಿಯುವ ಹಾಗೆ ಕೂಗುತ್ತಿದೆ, ಗಾಲಿ ಮಾತ್ರ ಮಿಸುಕುವುದಿಲ್ಲ. ಕೆಳಗಿನಿಂದ ಹೊಗೆ. ಅವನು ಬಲಗಾಲು ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಕಡೆಗೆ ಬಂದ್ ಮಾಡಿದ. ಬಾಗಿಲ ಹತ್ತಿರ ಹೋಗಿ ಕೇಳಿದೆ.

"ಏನಾತೋ?"

"ಕೂಗತೈತ್ರಿ ಅಕ್ಕಾರ. ಎಳೀವಲ್ದು." ಸ್ಟೇರಿಂಗ್ ಮೇಲೆ ಹಣೆ ಇಟ್ಟ. "ಇದೂ ಕುಂಟಾತ್ರಿ."

ಟ್ರ್ಯಾಕ್ಟರ್ ಕಟ್ಟಿ ಎಳೆದು ಅಂಗಳಕ್ಕೆ ತಂದರು. ಮರುದಿನ ಗಬ್ಬೂರಿನಿಂದ ಆ ಕನ್ನಡಕದ ಫೋರ್‌ಮನ್ನನೇ ಬಂದ. ಅಡಿಗೆ ಹೋಗಿ ನೋಡಿದ, ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದ. ಇವನು ಕಲ್ಲಿನ ಮೇಲೆ ಕಾಲು ಚಾಚಿ ಕೂತಿದ್ದ. ನಾನು ಗೋಡೆಗೆ ಒರಗಿ ನಿಂತಿದ್ದೆ. ಹೆಂಡತಿ ಚಹಾ ಮಾಡಲು ಒಳಗೆ ಹೋಗಿದ್ದಳು.

"ಎಲ್ಲಾ ಸುಟ್ಟೈತ್ರಿ ಕಾಕಾ. ಎಣ್ಣಿ ಬಾಳ ಕಡಿಮಿ ಇದ್ದು ಓಡೈತಿ" ಎಂದ ಫೋರ್‌ಮನ್.

"ಕಡಿಮಿ? ಪ್ರತಿ ಸೋಮಾರ ನೋಡತಿದ್ವಲ್ಲೋ! ಗೆರಿಗೆ ಸರೀ ಇರತಿತ್ತು. ಮದಲ ಹೆಚ್ಚಿತ್ತು, ನಾನ ತಗದೇನಿ."

"ಇಂಜಿನ್ ಚಾಲೂ ಇಟ್ಟು ನೋಡತಿದ್ರ್ಯೋ, ಬಂದ್ ಮಾಡ್ಯೋ?"

"ಸೋಮಾರ ಹೆಂಗ ಚಾಲೂ ಮಾಡೋದು? ಬಂದ್ ಮಾಡೇ."

ಫೋರ್‌ಮನ್ ಕನ್ನಡಕ ತೆಗೆದು ಒರೆಸಿಕೊಂಡ. ಅವನಿಗೂ ಹೇಳಲು ಕಷ್ಟವಾಗುತ್ತಿತ್ತು. "ಈ ಗಾಡಿದು ಹಂಗಲ್ರಿ ಕಾಕಾ. ಇಂಜಿನ್ ನಿಂತಾಗ ಮ್ಯಾಲಿನ ಎಣ್ಣೀ ಎಲ್ಲಾ ತಳಕ್ಕಿಳದು ಬರತೈತಿ. ಕಡ್ಡಿಗೆ ತುಂಬೇತಿ ಅಂತನ ಕಾಣತೈತಿ. ಚಾಲೂ ಇಟ್ಟು, ಬಿಸಿ ಇದ್ದಾಗ ನೋಡಿದ್ರನ ಖರೇ ಲೆಕ್ಕಾ ಸಿಗೋದು. ಮಕ್ಕೊಂಡಾಂವನ್ನ ಎಬ್ಬಸದ, ಹಸಿವಾಗೇತೇನು ಅಂತ ಕೇಳಿದಂಗಾತ್ರಿ ಇದು. ಮದಲ ಹೆಚ್ಚಿದ್ದಿಲ್ಲ, ಸರೀ ಇತ್ತು. ನೀವ ತಗದು ಕಡಿಮಿ ಮಾಡೀರಿ."

ಅವನ ಮುಖದಲ್ಲಿ ಮೊದಲು ಗಾಡಿಯ ದುಃಖ ಇತ್ತು. ಆಮೇಲೆ ಅದು ಬದಲಾಯಿತು. ಕಣ್ಣು ತಿರುಗಿಸಿ ಅಡಿಗೆಮನೆಯ ಬಾಗಿಲನ್ನು ನೋಡಿದ. ಹರಕೆ ಅವಳದು. ಮನೆಯಲ್ಲೇ ಮಾಡೋಣ ಎಂದವಳು ಅವಳು. ಕಡ್ಡಿ ಎಳೆದು ತುಂಬೈತಿ ಎಂದವಳೂ ಅವಳೇ.

"ಆಕಿಗೆ ಇದು ಗೊತ್ತಾಗಬಾರದ್ರಿ ಅಕ್ಕಾರ" ಎಂದ, ಪಿಸುಮಾತಿನಲ್ಲಿ. "ಗೊತ್ತಾದ್ರ ಆಕಿ ಉಳಿಯೂದಿಲ್ಲ. ತಮ್ಮಾ, ನೀನೂ ಬಾಯಿ ಬಿಡಬ್ಯಾಡ. ನಾ ತಪ್ಪ ಎಣ್ಣಿ ಹಾಕೇನಿ. ಹಳೇ ಲಾರಿ ಎಣ್ಣಿ ಕೂಡಿಸಿದೆ, ಅದಕ್ಕ ಸುಟ್ಟಿತು. ಅಷ್ಟ."

ಅವಳು ಚಹಾ ತಂದಳು. ಆರಿ ತಣ್ಣಗಾದ ಚಹಾ. ಎಂದೂ ಹಾಗೆ ಕೊಡುವವಳಲ್ಲ, ಚಿಂತೆಯಲ್ಲಿ ಮರೆತಿರಬೇಕು ಎಂದುಕೊಂಡೆ. "ಏನಂತರಿ?" ಎಂದು ಕೇಳಿದಳು. ಅವನು ತನ್ನ ಸುಳ್ಳು ಹೇಳಿದ. ಫೋರ್‌ಮನ್ ಬಾಯಿ ತೆರೆಯಲು ಹೋದ. ಎಂಥ ತುಂಟ ಹುಡುಗರೂ ಬೆಂಚಿಗೆ ಅಂಟಿಕೊಳ್ಳುವ ಒಂದು ನೋಟ ನನ್ನಲ್ಲಿದೆ, ಅದನ್ನು ಅವನ ಮೇಲೆ ಬಿಟ್ಟೆ. "ಹೌದ್ರಿ ಅಕ್ಕಾ, ತಪ್ಪ ಎಣ್ಣಿ" ಎಂದು ಅವನು ತಣ್ಣನೆಯ ಚಹಾ ಒಂದೇ ಗುಟುಕಿಗೆ ಕುಡಿದ.

ಆಗ ಶುರುವಾಯಿತು ನೋಡಿ ಅವಳ ಬಾಯಿ. ಅಲ್ಲಿಯ ತನಕ ಗಂಡನ ಎದುರಿಗೆ ದನಿ ಎತ್ತಿದವಳಲ್ಲ. ಅಂದು ತಟ್ಟೆಯನ್ನು ನೆಲಕ್ಕೆ ಕುಕ್ಕಿ ಹಣೆ ಹಣೆ ಬಡಿದುಕೊಂಡಳು. "ಕಂಪನಿಗೆ ಒಯ್ರಿ ಒಯ್ರಿ ಅಂತ ಬಡಕೊಂಡೆ, ಕೇಳಿದ್ರ್ಯಾ ನನ್ನ ಮಾತು? ಮನಿ ಮುಂದ ಗಾಡಿ ಹೊಟ್ಟಿ ಹರದ್ರಿ! ಯಾವದೋ ಹಲ್ಕಟ್ ಎಣ್ಣಿ ಸುರದು ಮನಿ ಹಾಳ ಮಾಡಿದ್ರಿ!" ಬೈಗುಳದಲ್ಲೂ 'ರೀ' ಬಿಡಲಿಲ್ಲ, ಅಷ್ಟೇ. ನಾನು ದಂಗಾಗಿ ನಿಂತೆ. ಕಂಪನಿಗೆ ಒಯ್ಯಿರಿ ಎಂದವಳು ಇವಳೇ? ಗಾಜಿನ ಕೋಣೆಯಿಂದ ಗಂಡನ ತೋಳು ಹಿಡಿದು ಎಬ್ಬಿಸಿಕೊಂಡು ಬಂದವಳು ಯಾರು ಹಾಗಾದರೆ?

ಲಾರಿ ಮತ್ತೆ ಏಳಲಿಲ್ಲ. ಅದರ ಸಾಮಾನು ಈ ದೇಶದಲ್ಲೇ ಸಿಗುವುದಿಲ್ಲ ಎಂದರು. ಒಂದು ದಿನ ಹುಬ್ಬಳ್ಳಿಯ ಗುಜರಿಯವರು ಬಂದು ಅಂಗಳದಲ್ಲೇ ಗ್ಯಾಸಿನ ಬೆಂಕಿಯಿಂದ ಅದನ್ನು ಕೊಯ್ದು ತುಂಡು ಮಾಡಿ ಒಯ್ದರು. ಎತ್ತು ಕೊಯ್ಯುವುದನ್ನು ನೋಡಿದ ಹಾಗಾಯಿತು ನನಗೆ. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅವನು ಮಾತ್ರ ಕಲ್ಲಿನ ಮೇಲೆ ಕೂತು ಕಡೆಯ ತುಂಡು ಹೋಗುವ ತನಕ ನೋಡಿದ.

ಆಮೇಲೆ ಅವನಿಗೆ ಸಿಕ್ಕ ಕೆಲಸ ಯಾವುದು ಹೇಳಿ? ಗಬ್ಬೂರಿನ ಅದೇ ವರ್ಕ್‌ಶಾಪಿನ ಗೇಟು ಕಾಯುವುದು. ಆ ಫೋರ್‌ಮನ್ನನೇ ಮನಸ್ಸು ತಡೆಯಲಾರದೆ ಕೊಡಿಸಿದ. ಸಾಯುವ ವರ್ಷದ ತನಕ ಕೆಲಗೇರಿಯಿಂದ ಬಸ್ಸು ಬದಲಿಸಿಕೊಂಡು ಹೋಗಿ ಬರುತ್ತಿದ್ದ. ಸೋಮವಾರವೂ ಹೋಗುತ್ತಿದ್ದ. "ಹರಕಿ ನಮ್ಮ ಗಾಡೀದ್ರಿ. ಅವು ಮಂದಿ ಗಾಡಿ" ಎನ್ನುತ್ತಿದ್ದ. ಅಲ್ಲಿ ಗೇಟು ದಾಟುವ ಪ್ರತಿ ಡ್ರೈವರನನ್ನು ನಿಲ್ಲಿಸಿ, "ಎಣ್ಣಿ ನೋಡೂಮುಂದ ಇಂಜಿನ್ ಚಾಲೂ ಇಡಪಾ" ಎಂದು ಹೇಳುತ್ತಿದ್ದನಂತೆ. ಅವೆಲ್ಲ ಸಾದಾ ಗೇರಿನ ಲಾರಿಗಳು, ಇಂಜಿನ್ ಬಂದ್ ಮಾಡಿಯೇ ನೋಡುವಂಥವು. ಡ್ರೈವರುಗಳು ಮುದುಕನಿಗೆ ತಲೆ ಕೆಟ್ಟಿದೆ ಎಂದು ನಗುತ್ತಿದ್ದರಂತೆ. ಫೋರ್‌ಮನ್ ನನಗೆ ಇದನ್ನು ಹೇಳುವಾಗ ನಗಲಿಲ್ಲ.

ಮನೆಯಲ್ಲಿ ಬೈಗುಳ ನಿಲ್ಲಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದು ಮಲಗಿ ಎದ್ದ ಮೇಲೆ ಮತ್ತೆ ಚಾಲೂ. ರೊಟ್ಟಿ ಬಡಿಯುವಾಗ ಎಣ್ಣೆಯ ಮಾತು, ನೀರು ತುಂಬುವಾಗ ಎಣ್ಣೆಯ ಮಾತು. ಅವನು ತುಟಿ ಬಿಚ್ಚುತ್ತಿರಲಿಲ್ಲ. ವಿಚಿತ್ರವೆಂದರೆ, ಅವಳು ಬೈಯುತ್ತಿರುವಾಗ ಅವನ ಮುಖ ಹಗುರಾಗುತ್ತಿತ್ತು. ನನಗೇ ತಡೆಯಲಾಗದೆ ಒಮ್ಮೆ ಗೋಡೆಯ ಮೇಲಿಂದ ಅವಳನ್ನು ತರಾಟೆಗೆ ತೆಗೆದುಕೊಂಡೆ. "ಏ ತಂಗೀ, ನಾಲಿಗಿಗೆ ಎಲಬಿಲ್ಲಂತ ಹೆಂಗ ಬೇಕಾದಂಗ ತಿರಗಸಬ್ಯಾಡ. ಕಂಪನಿ ಬ್ಯಾಡ ಅಂದಾಕಿ ನೀನ. ನಾ ಇದ್ದೆ ಅಲ್ಲಿ." ಅವಳು ಒಳಗೆ ಹೋದಳು.

ಅವನು ಮಾತ್ರ ಸಂಜೆ ಗೋಡೆಯ ಹತ್ತಿರ ಬಂದ. "ಆಕೀನ ಬೈಬ್ಯಾಡ್ರಿ ಅಕ್ಕಾರ. ಆಕಿ ಬೈದ್ರ ನನಗ ನಿದ್ದಿ ಬರತೈತಿ. ಬೈತಾಳ ಅಂದ್ರ ಆಕಿಗೆ ಗೊತ್ತಿಲ್ಲ ಅಂತ."

ಈ ವರ್ಷ ಅವನ ಎದೆಯಲ್ಲಿ ನೀರು ತುಂಬಿತು. ಹುಬ್ಬಳ್ಳಿಯ ದವಾಖಾನೆಗೆ ಹಾಕಿದರು. ನಾನು ಗಂಜಿ ಮಾಡಿಕೊಂಡು ಹೋಗಿದ್ದೆ. ಅವಳು ಮಂಚದ ಪಕ್ಕ ನೆಲದ ಮೇಲೆ ಕೂತು ಅವನ ಎಡಗಾಲನ್ನು, ಆ ಸತ್ತ ಕಾಲನ್ನು, ಸುಮ್ಮನೆ ಒತ್ತುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ಅವಳು ನೀರು ತರಲು ಎದ್ದು ಹೋದಾಗ ಅವನು ನನ್ನ ಕೈ ಹಿಡಿದ. ಕೈ ಸುಡುತ್ತಿತ್ತು.

"ಆಕಿ ಯಾಕೋ ಬೈಯವಲ್ಲಳ್ರಿ ಅಕ್ಕಾರ. ನಿನ್ನಿಯಿಂದ ಒಂದ ಮಾತ ಬೈದಿಲ್ಲ. ಆಕಿಗೆ ಏನರೆ ಗೊತ್ತಾಗೇತೇನ್ರಿ?"

"ಏನೂ ಗೊತ್ತಿಲ್ಲಪಾ. ದಣದಾಳ. ನೀ ಸುಮ್ಮನ ಮಕ್ಕೋ" ಎಂದೆ. ಅವನು ಬಾಗಿಲ ಕಡೆಗೇ ನೋಡುತ್ತಿದ್ದ. ಅದೇ ನೋಟ. ಅಡಿಗೆಮನೆಯ ಬಾಗಿಲು ನೋಡಿದ್ದನಲ್ಲ, ಅದೇ. ಬೆಳಗಾಗುವುದರೊಳಗೆ ಹೋಗಿಬಿಟ್ಟ.

ಎಲ್ಲ ಕಾರ್ಯ ಮುಗಿದ ಮೇಲೆ ಒಂದು ಮುಂಜಾನೆ ನಾನು ರಂಗೋಲಿ ಹಾಕುತ್ತಿದ್ದೆ. ನನ್ನ ಗೇಟು ಸದ್ದು ಮಾಡುವುದಿಲ್ಲ, ಅವಳು ಬಂದದ್ದು ತಿಳಿಯಲಿಲ್ಲ. ತಲೆ ಎತ್ತಿದರೆ ಎದುರಿಗೆ ನಿಂತಿದ್ದಾಳೆ. ಬೋಳು ಹಣೆ. ಒಳಗೆ ಬಾ ಎಂದರೆ ಬರಲಿಲ್ಲ, ಗೇಟಿನ ಹತ್ತಿರವೇ ಕೂತಳು. ಕೀಲಿನ ಮೇಲೆ ಬೆರಳಾಡಿಸುತ್ತ ಕೇಳಿದಳು.

"ಆವತ್ತ ಚಾ ಆರಿತ್ತಲ್ರಿ ಅಕ್ಕಾರ. ನೆನಪೈತೇನು?"

ನನಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ರಂಗೋಲಿಯ ಬಟ್ಟಲು ಕೆಳಗಿಟ್ಟೆ.

"ಬಾಗಲದಾಗ ನಿಂತಿದ್ದೆ. ಎಲ್ಲಾ ಕೇಳೀನಿ. ಚಾಲೂ ಇಟ್ಟು ನೋಡಬೇಕಿತ್ತು ಅಂದದ್ದು, ಹೆಚ್ಚಿದ್ದಿಲ್ಲ ಅಂದದ್ದು, ಆಕಿಗೆ ಗೊತ್ತಾಗಬಾರದು ಅಂತ ಇವರು ನಿಮಗ ಹೇಳಿದ್ದು."

"ಅಯ್ಯ ಹುಚ್ಚಿ!" ಎಂದೆ. ನನಗೆ ಸಿಟ್ಟೂ ಬಂತು, ಅಳುವೂ ಬಂತು. "ಎಲ್ಲಾ ಗೊತ್ತಿದ್ದೂ ಇಷ್ಟ ವರ್ಷ ಆ ಗಂಡಸನ್ನ ಹಂಗ್ಯಾಕ ಹುರದು ತಿಂದಿ?"

"ಬೈಲಿಲ್ಲಂದ್ರ ನನಗ ಗೊತ್ತೈತಿ ಅಂತ ತಿಳಿಯೂದಿಲ್ಲೇನ್ರಿ ಅವರಿಗೆ? ನಾ ಸುಮ್ಮನಿದ್ದ ದಿನಾ ಇವರು ನನ್ನ ಮಾರೀನ ನೋಡತಿದ್ರು, ಅಂಜಿದವರಂಗ. ಬೈದಕೂಡ್ಲೆ ಉಂಡು ಮಕ್ಕೋತಿದ್ರು." ಮೂಗು ಒರೆಸಿಕೊಂಡಳು. "ಹರಕಿ ನಂದು. ಕಡ್ಡಿ ಎಳದಾಕಿ ನಾನು. ನನ್ನ ತಪ್ಪ ಅವರ ಹೊಟ್ಟ್ಯಾಗ ಹಾಕ್ಕೊಂಡ್ರು. ನಾ ಏನ ಕೊಡಲಿ ಅವರಿಗೆ? ಅದೊಂದ ಬೈಗಳಾ ಕೊಟ್ಟೆ."

ನಾನು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಕೈಮೇಲೆ ಹೊಡೆದು ಕಲಿಸಿದವಳು ನಾನು. ಇವರಿಬ್ಬರೂ ಒಂದೇ ಸೂರಿನ ಅಡಿಯಲ್ಲಿ, ನನ್ನ ಕಿವಿಯ ಪಕ್ಕದಲ್ಲಿ, ಹಗಲೂ ಇರುಳೂ ಒಬ್ಬರಿಗೊಬ್ಬರು ಸುಳ್ಳಾಡುತ್ತ ಬದುಕಿದ್ದರು. ನಾನು ಅದನ್ನು ಜಗಳ ಅಂದುಕೊಂಡಿದ್ದೆ.

"ದವಾಖಾನ್ಯಾಗ ಬೈಯಾಕಾಗಲಿಲ್ರಿ" ಎಂದಳು. "ಬಾಯಿ ತಗದ್ರ ಅಳು ಬರತಿತ್ತು. ಎರಡ ದಿನಾ ಸುಮ್ಮನ ಕುಂತೆ. ಅವರು ನನ್ನ ನೋಡಾಕತ್ತಿದ್ರು, ನೋಡಾಕತ್ತಿದ್ರು." ನನ್ನ ಮೊಣಕೈ ಹಿಡಿದಳು. ಅವಳ ಉಗುರು ನೆಟ್ಟವು. "ಅವರು ನಿಮ್ಮ ಮುಂದ ಏನರೆ ಅಂದ್ರೇನ್ರಿ? ನನಗ ಗೊತ್ತೈತಿ ಅಂತ ತಿಳದು ಹೋದ್ರೇನ್ರಿ?"

"ಏನೂ ಅನಲಿಲ್ಲ" ಎಂದೆ. "ಗಂಜಿ ಕುಡದು ಮಕ್ಕೊಂಡ."

ಅವಳು ನನ್ನ ಮುಖವನ್ನೇ ನೋಡಿದಳು. ನಂಬಿದಳೋ ಇಲ್ಲವೋ ನನಗೆ ಇವತ್ತಿಗೂ ತಿಳಿದಿಲ್ಲ.

"ಬೈಬೇಕಿತ್ರಿ ಅಕ್ಕಾರ" ಎಂದಳು. "ಕಡೀ ದಿನಾನೂ ಬೈಬೇಕಿತ್ತು."